ಬಿಡ್ತು ಅನ್ನದೆ

ಸೊಸೆ ಇವತ್ತು ಬೆಳಿಗ್ಗೆ ಫಿನಾಯಿಲ್ ಹಾಕಿ ಜಗಲಿ ಒರೆಸಿದಳು. ಆ ವಾಸನೆ ಮೂಗಿಗೆ ಬಂದದ್ದೇ ನನ್ನ ಕಿವಿ ಬಿಸಿಯಾಯಿತು. ನೆಲ ಒರೆಸಿದ್ದಕ್ಕೆ ನಾಚಿಕೆ ಪಡುವ ಮುದುಕಿಯನ್ನು ನೀವು ಕಂಡಿರಲಿಕ್ಕಿಲ್ಲ. ಕಾರವಾರದ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಇದೇ ವಾಸನೆ ಇತ್ತು. ಕೆಲವು ವರ್ಷಗಳ ಹಿಂದೆ ನಾನು ಮಂಗಳವಾರ ಮಂಗಳವಾರ ಅಂಕೋಲೆಯಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಗುಂಪಿನಲ್ಲಿ ಕೂತು, ತಲೆಯೊಳಗೆ ಬರುವ ಕೆಟ್ಟ ಯೋಚನೆಯನ್ನು ಬಾಯಿಬಿಟ್ಟು ಹೇಳಬೇಕು, ಅದೇ ಔಷಧ. ದಾರಿಯಲ್ಲಿ ಯಾರಾದರೂ ಕೇಳಿದರೆ ಕಣ್ಣು ತೋರಿಸಲಿಕ್ಕೆ ಅನ್ನುತ್ತಿದ್ದೆ. ಸೂಜಿಗೆ ದಾರ ನಾನು ಈಗಲೂ ಕನ್ನಡಕವಿಲ್ಲದೆ ಪೋಣಿಸುತ್ತೇನೆ.

ಮಗ ಬಸ್ಸಿನ ಡ್ರೈವರ. ಅಂಕೋಲೆ, ರಾಮನಗುಳಿ ದಾಟಿ ಘಟ್ಟ ಹತ್ತಿ ಯಲ್ಲಾಪುರಕ್ಕೆ ಹೋಗುವ ಬಸ್ಸು. ಅವನು ಮನೆಯಿಂದ ಹೊರಬಿದ್ದ ಕೂಡಲೇ ನನ್ನ ತಲೆಯಲ್ಲಿ ಆ ಬಸ್ಸು ಉರುಳುತ್ತಿತ್ತು. ಮಳೆಗಾಲದಲ್ಲಿ ಉರುಳಿದರೆ ಒಂದು ಅರ್ಥವಿದೆ, ಬಿರುಬಿಸಿಲಲ್ಲೂ ಉರುಳುತ್ತಿತ್ತು. ಉರುಳಿದ ಮೇಲೆ ಫೋನ್ ಮಾಡದೆ ಇರಲಾಗುತ್ತಿರಲಿಲ್ಲ. ಬಸ್ಸು ಓಡಿಸುವಾಗ ಅವನು ಫೋನ್ ಮುಟ್ಟುವಂತಿಲ್ಲ, ಕಂಡಕ್ಟರ ಎತ್ತುತ್ತಿದ್ದ.

“ಆಯೀ, ನಿಮ್ಮ ಮಗ ಇದ್ದಾನೆ. ಸ್ಟೇರಿಂಗ್ ಹಿಡ್ಕಂಡೇ ಇದ್ದಾನೆ. ಸತ್ರೆ ನಾನೇ ಮೊದ್ಲು ನಿಮಗೆ ಫೋನ್ ಮಾಡ್ತೆ, ಈಗ ನಂಗೆ ಟಿಕೆಟ್ ಹರೀಲಿಕ್ಕೆ ಬಿಡಿ.”

ಎರಡು ನಿಮಿಷ ಸಮಾಧಾನ. ಆಮೇಲೆ ಮುಂದಿನ ತಿರುವಿನಲ್ಲಿ ಮತ್ತೆ ಉರುಳುತ್ತಿತ್ತು.

ಕೊನೆಗೊಂದು ದಿನ ಮಗ ಊಟದ ಬಟ್ಟಲು ಸರಿಸಿಟ್ಟು ಹೇಳಿದ: “ನಿನ್ನ ಫೋನಿಗೆ ಇಡೀ ಬಸ್ಸು ನಗ್ತದೆ ಆಯೀ. ಘಟ್ಟದಲ್ಲಿ ಫೋನ್ ರಿಂಗಾದ್ರೆ ನಂಗೆ ಕೈ ನಡುಗೂಕೆ ಹಿಡೀತದೆ. ನೀ ಡಾಕ್ಟರ್ ಹತ್ರ ಹೋಗು. ಇಲ್ಲಾಂದ್ರೆ ನಾ ಈ ರೂಟೂ ಬೇಡ, ಈ ಊರೂ ಬೇಡ ಅಂತ ಬದಲಿ ತಕಂಡು ಹೋಗ್ತೆ.”

ಕೈ ನಡುಗುತ್ತದೆ ಅಂದನಲ್ಲ, ಅದಕ್ಕೆ ಹೋದೆ. ಬಸ್ಸು ನಿಜಕ್ಕೂ ಉರುಳಿದರೆ ಉರುಳಿಸಿದವಳು ನಾನೇ ಆಗುತ್ತಿದ್ದೆ.

ಡಾಕ್ಟರು ಗುಳಿಗೆ ಬರೆದು, ಗುಂಪಿಗೂ ಕಳಿಸಿದರು. ಕುರ್ಚಿಗಳನ್ನು ಸುತ್ತಲೂ ಇಟ್ಟಿದ್ದರು. ನಮ್ಮಲ್ಲಿ ಜನ ಸುತ್ತುಗಟ್ಟಿ ಕೂತರೆ ನಡುವೆ ಒಂದೋ ಹೆಣ ಇರಬೇಕು, ಇಲ್ಲ ಬಂಗಡೆ ಮೀನಿನ ರಾಶಿ. ಅಲ್ಲಿ ನಡುವೆ ಏನೂ ಇರಲಿಲ್ಲ. ಒಬ್ಬರ ಮುಖ ಒಬ್ಬರು ನೋಡುವುದು ತಪ್ಪಿಸಲಿಕ್ಕೆ ಎಲ್ಲರೂ ಆ ಖಾಲಿ ನೆಲವನ್ನೇ ನೋಡುತ್ತಿದ್ದೆವು. ಕಿನ್ನರದ ಒಬ್ಬರು ಮುದಿ ಮಾಸ್ತರರು, ತಾನು ಎಲ್ಲರಿಗೂ ಭಾರ ಎಂದು ನಂಬಿದವರು. ಶಿರವಾಡದ ಒಬ್ಬ ಹುಡುಗಿ, ಯಾರು ನಕ್ಕರೂ ತನ್ನನ್ನೇ ನೋಡಿ ನಕ್ಕರೆಂದು ಒದ್ದಾಡುವವಳು. ಇನ್ನೂ ಕೆಲವರು. ನಡೆಸುವವಳು ಬಯಲುಸೀಮೆಯ ಸಣ್ಣ ಪ್ರಾಯದವಳು. ಅವಳು ಡಾಕ್ಟರೋ ಮತ್ತೊಂದೋ ತಿಳಿಯದೆ, ಶಾಲೆಯಲ್ಲಿ ಕಲಿಸುವವರನ್ನು ಕರೆಯುವ ಹಾಗೆ ಅಕ್ಕೋರು ಅಂದೆ. ಅದೇ ಉಳಿಯಿತು.

ಮೊದಮೊದಲು ನಾನು ಸುಳ್ಳು ಹೇಳುತ್ತಿದ್ದೆ. ನಿದ್ದೆ ಬರುವುದಿಲ್ಲ, ಹೊಟ್ಟೆಯುಬ್ಬರ, ಹೀಗೆ. ಹೆತ್ತ ಮಗನ ಸಾವನ್ನು ಬಾಯಲ್ಲಿ ಆಡುವುದು ಹೇಗೆ? ಆಡಿದರೆ ಆಗಿಬಿಟ್ಟರೆ? ಅದಕ್ಕಿಂತ ದೊಡ್ಡ ನಾಚಿಕೆ ಇನ್ನೊಂದಿತ್ತು. ಕಡೆಗೊಂದು ಮಂಗಳವಾರ ಅದೂ ಹೊರಗೆ ಬಂತು.

“ನಂಗೆ ದಿನಾ ಮಗನ ಹೆಣ ಕಾಣ್ತದೆ ಅಕ್ಕೋರೆ. ಅದನ್ನು ಮನೆಗೆ ತಂದ್ರೆ ಯಾವ ಚಾಪೆ ಹಾಸೂದು, ಅದನ್ನೂ ಯೋಚನೆ ಮಾಡಿ ಇಟ್ಟಿದ್ದೆ.”

ಮಾಸ್ತರರು ಕೂತಲ್ಲೇ ಹಾರಿದರು. “ಬಿಡ್ತು ಅನ್ನಿ, ಬಿಡ್ತು ಅನ್ನಿ.” ಸುತ್ತಲಿದ್ದವರೂ ಅಂದರು. ನಾನೂ ಅಂದೆ. ಬಾಯಿಗೆ ಅಭ್ಯಾಸ. ಕೆಟ್ಟ ಮಾತು ಬಂದರೆ ಬಿಡ್ತು, ಮುಗಿಯಿತು.

ಅಕ್ಕೋರು ಕೇಳಿದಳು, “ಬಿಡ್ತು ಅಂದ್ರ ಬಿಟ್ಟು ಹೋಗ್ತದೇನ್ರಿ ಅಜ್ಜಿ?”

“ಹೋಗೂದಿಲ್ಲ. ಹೋಗಿದ್ರೆ ಇಲ್ಲಿಗೆ ಎಂತಕ್ಕೆ ಬರ್ತಿದ್ದೆ?”

ಎಲ್ಲರೂ ನಕ್ಕರು. ಶಿರವಾಡದ ಹುಡುಗಿ ಕೂಡ, ಒಂದು ಕ್ಷಣ ತಡೆದು. ಆಮೇಲೆ ಅವಳು ಮೆಲ್ಲಗೆ, “ನಂಗೂ ಅಪ್ಪನ್ದು ಹಾಂಗೇ ಕಾಣ್ತದೆ ಅಜ್ಜೀ. ನನ್ನ ತಲೇಲಿ ಚಾಪೆ ಹಾಸಿಯೂ ಆಗಿದೆ” ಅಂದಳು. ನಾನು ಅವಳ ಮುಖ ನೋಡಿದೆ. ಒಳ್ಳೆ ಮನೆಯ, ಒಳ್ಳೆ ಹುಡುಗಿ. ಅವಳನ್ನು ಪಾಪಿ ಅನ್ನಲು ನನಗೆ ಬಾಯಿ ಬರಲಿಲ್ಲ. ಹಾಗಾದರೆ ನನ್ನನ್ನು ಅಂದುಕೊಳ್ಳುವುದು ಎಂತಕ್ಕೆ ಎಂದು ಕೇಳಿಕೊಂಡೆ. ಉತ್ತರ ಗೊತ್ತಿದ್ದರೂ ನಾಚಿಕೆ ಪೂರ್ತಿ ಇಳಿಯಲಿಲ್ಲ.

ಅಕ್ಕೋರು ಒಂದು ಕೆಲಸ ಕೊಟ್ಟಳು. ಒಂದು ಟ್ರಿಪ್ಪು ಫೋನ್ ಮಾಡಬಾರದು. ಬಿಡ್ತು ಅನ್ನಬಾರದು. ಬಂದ ಯೋಚನೆಯನ್ನು ಓಡಿಸದೆ ಕೂರಬೇಕು.

ಮರುದಿನ ಕೂತೆ. ಬಸ್ಸು ಉರುಳಿತು, ಚಾಪೆ ಹಾಸಿದೆ, ಜನ ಬಂದರು, ಅತ್ತರು. ನಾನು ಮಸಾಲೆ ಅರೆಯುತ್ತಲೇ ಇದ್ದೆ. ಅದು ತನ್ನಷ್ಟಕ್ಕೆ ಸ್ವಲ್ಪ ಸವೆಯಿತು ಅನ್ನುವಾಗ ಫೋನ್ ಬಂತು. ಮಗ.

“ಆಯೀ, ಎಂತಾ ಆಯ್ತು? ಫೋನೇ ಬಂದಿಲ್ಲ. ಆರಾಮಿದ್ಯಾ?”

“ಬಸ್ಸು ಎಲ್ಲಿದೆ?”

“ರಾಮನಗುಳಿ ಹತ್ರ ನಿಲ್ಸಿದ್ದೆ.”

ಹಿಂದಿನಿಂದ ಯಾವುದೋ ಗಂಡಸಿನ ದನಿ: “ಆಯಿ ಹತ್ರ ಮನೆಗೆ ಹೋಗಿ ಮಾತಾಡು ಮಾರಾಯಾ, ಯಲ್ಲಾಪುರದಲ್ಲಿ ನಂಗೆ ಕೋರ್ಟಿದೆ.”

“ನಾ ಸತ್ತಿಲ್ಲ. ಬಸ್ಸು ಬಿಡು” ಅಂದು ಇಟ್ಟೆ. ಕೈಯಲ್ಲಿದ್ದ ಖಾರ ಕೆನ್ನೆಗೆ ತಾಗಿ ಉರಿಯಿತು. ಇಷ್ಟು ವರ್ಷ ಅವನು ನನ್ನನ್ನು ಸಹಿಸಿಕೊಂಡ ಅಂದುಕೊಂಡಿದ್ದೆ. ಸಹಿಸುತ್ತಲೇ ಕಲಿತಿದ್ದ. ಹಿತ್ತಲಿನ ತೆಂಗು, ಬಾವಿ, ಅದರ ಜೊತೆ ಈ ಹೆದರಿಕೆಯನ್ನೂ ಅವನಿಗೆ ದಾಟಿಸಿದ್ದೆ. ಆ ಕೋಣೆಯಲ್ಲಿ ಪಟ್ಟ ನಾಚಿಕೆಯೆಲ್ಲ ಇದರ ಮುಂದೆ ಏನೂ ಅಲ್ಲ.

ಗುಂಪು ಮುಗಿದು ಬಹಳ ಕಾಲವಾಯಿತು. ಅವನು ಬದಲಿ ಕೇಳಲಿಲ್ಲ. ಈಗ ನಾನು ಫೋನ್ ಮಾಡುವುದಿಲ್ಲ, ಅವನು ಮಾಡುತ್ತಾನೆ. ಚಾ ಕುಡಿಯಲು ಬಸ್ಸು ನಿಂತಾಗ, ಆರಾಮಿದ್ಯಾ ಅಂತ. ಆರಾಮಿದ್ದೆ ಅಂತ ಹೇಳಿ ಫೋನ್ ಇಟ್ಟುಬಿಡುತ್ತಿದ್ದೆ. ಅವನ ದನಿಯಲ್ಲಿರುವ ಹೆದರಿಕೆ ನನ್ನದೇ ಎಂದು ಗೊತ್ತಿದ್ದು, ಅದನ್ನು ಕೇಳುವ ಧೈರ್ಯವಿರಲಿಲ್ಲ.

ಇವತ್ತೂ ಮಾಡಿದ. ನಾನು ಇಡಲಿಲ್ಲ.

“ತಮಾ, ನಿಂಗೆ ಎಂತಾ ಕಾಣ್ತದೆ, ಹೇಳು.”

“ಎಂತದೂ ಇಲ್ಲ.”

“ಹೇಳು.”

ಚಾ ಅಂಗಡಿಯ ಗಲಾಟೆ ದೂರವಾಯಿತು, ಅವನು ಆಚೆ ಸರಿದಿರಬೇಕು. ಆಮೇಲೆ ಸಣ್ಣ ದನಿಯಲ್ಲಿ, “ನೀ ಬಾವಿಕಟ್ಟೆ ಹತ್ರ ಬಿದ್ದಾಂಗೆ ಕಾಣ್ತದೆ ಆಯೀ. ಮನೇಲಿ ಯಾರೂ ಇಲ್ಲ” ಅಂದ.

ತುಟಿಯವರೆಗೆ ಬಂದ ‘ಬಿಡ್ತು’ ಅನ್ನು ನುಂಗಿದೆ.

“ಹೂಂ,” ಅಂದೆ. “ಆಮೇಲೆ?”