ಅರವತ್ತನಾಲ್ಕು ಮನೆಗಳ ಹೊಟ್ಟೆಕಿಚ್ಚು

ಎಂಬತ್ತರ ದಶಕದಲ್ಲಿ ರಾಜಾಜಿನಗರದ ಒಂದು ಶೆಡ್ಡಿನಲ್ಲಿ ನಾವು ಒಂದು ಪೆಟ್ಟಿಗೆ ಮಾಡುತ್ತಿದ್ದೆವು; ಅದು ಡೇರಿಯ ಟ್ಯಾಂಕರಿನಲ್ಲಿ ಕೂತು ಹಾಲಿನ ಶಾಖ ಬರೆದಿಡಬೇಕು. ಅದು ಟಾರ್ಚಿನ ಸೆಲ್ಲಿನಲ್ಲೇ ಓಡಬೇಕು. ಪ್ರೋಗ್ರಾಂ ಬರೆಯುವವರು ಇಬ್ಬರೇ: ನಾನು, ಮತ್ತು ಬಸವೇಶ್ವರನಗರದಿಂದ ಮೊಪೆಡ್‌ನಲ್ಲಿ ಬರುತ್ತಿದ್ದ, ನನಗಿಂತ ಚಿಕ್ಕ ಹುಡುಗಿ. "ಯಾರ್ದು ಜಾಸ್ತಿ ದಿನ ಓಡುತ್ತೋ ಅದೇ ಟ್ಯಾಂಕರಿಗೆ," ಎಂದರು ಶೆಡ್ಡಿನ ಯಜಮಾನರು.

ಶಾಖ ಅಳೆಯುವ ಕಾರ್ಡು ಅಂಕಿಗಳನ್ನು ತಂದು ಮೆಮೊರಿಯ ಮನೆಗಳಲ್ಲಿ ತುಂಬುತ್ತದೆ. ಮನೆಗಳೆಲ್ಲ ತುಂಬಿದೊಡನೆ, ಮಲಗಿರುವ ಪ್ರೊಸೆಸರನ್ನು ತಟ್ಟಿ ಎಬ್ಬಿಸುತ್ತದೆ. ಆ ತಟ್ಟುವುದಕ್ಕೇ ಇಂಟರಪ್ಟ್ ಎನ್ನುತ್ತಿದ್ದೆವು. ಎದ್ದ ಪ್ರೊಸೆಸರ್ ಎಲ್ಲವನ್ನೂ ಸೆಲ್ ಹೋದರೂ ಅಳಿಯದ ಚಿಪ್ಪಿಗೆ ಬರೆದು ಮತ್ತೆ ಮಲಗುತ್ತದೆ. ಒಂದು ಅಕ್ಕಿಕಾಳೂ ಚೆಲ್ಲದ ಅಜ್ಜಿಯ ಕೈಯಲ್ಲಿ ಬೆಳೆದ ನಾನು ಅಂಕಿಗಳಿಗೆ ಎಂಟೇ ಮನೆ ಬಿಟ್ಟೆ. ಆ ಹುಡುಗಿ ಬಿಟ್ಟದ್ದು ಅರವತ್ತನಾಲ್ಕು. ಎಂಥ ದುಂದು ಎಂದು ಒಳಗೇ ನಕ್ಕೆ.

ಸೋಮವಾರ ಹೊಸ ಸೆಲ್ ಹಾಕಿದೆವು. ನನ್ನ ಪೆಟ್ಟಿಗೆಯ ದೀಪ ಗುರುವಾರ ಆರಿತು. ಅವಳದು ಮುಂದಿನ ವಾರವೂ ಮಿನುಗುತ್ತಿತ್ತು.

"ಎದ್ದಾಗ್ಲೇ ಸೆಲ್ ಖರ್ಚಾಗೋದು ಸಾರ್. ನಿಮ್ದು ಎಂಟಕ್ಕೊಂದ್ಸಲ ಏಳುತ್ತಲ್ಲ," ಎಂದಳು.

"ಏನಯ್ಯಾ, ಮಲ್ಗಿರೋ ಮುದುಕೀನ ಒಂದೊಂದು ಹಪ್ಪಳಕ್ಕೂ ಎಬ್ಬಿಸಿದೀಯಲ್ಲ!" ಎಂದು ಯಜಮಾನರು ನಕ್ಕರು.

ಅವತ್ತಿನಿಂದ ಅವಳ ಮೊಪೆಡ್ ಸದ್ದು ಕೇಳಿದರೂ ಮೈ ಉರಿಯುತ್ತಿತ್ತು. ಅವಳ ಪ್ರೋಗ್ರಾಮಿನ ಹಾಳೆಗಳನ್ನು ಕೆಂಗೇರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸಾಲು ಸಾಲೂ ಜಾಲಾಡಿದೆ. ಶುಕ್ರವಾರ ಸಿಕ್ಕಿತು ತಪ್ಪು! ಹೇಳಲಿಲ್ಲ, ಇಟ್ಟುಕೊಂಡೆ.

ಸೋಮವಾರ ಡೇರಿಯವರು ಪೆಟ್ಟಿಗೆ ನೋಡಲು ಬಂದರು. ಅವರೆದುರಿಗೇ ಕೇಳಿದೆ: "ಡ್ರೈವರು ತನ್ನ ಟಾರ್ಚಿಗೆ ಅಂತ ಈ ಸೆಲ್ ಕಿತ್ಕೊಂಡ್ರೆ? ಇವಳ ಅರವತ್ನಾಲ್ಕು ಮನೆಗಳಲ್ಲಿರೋ ಅಂಕಿಯೆಲ್ಲ ಹೋಯ್ತು. ನಂದ್ರಲ್ಲಾದ್ರೆ ಹೋಗೋದು ಏಳೋ ಎಂಟೋ."

ಅವಳ ಮುಖ ಸಣ್ಣದಾಯಿತು. "ಹೌದು ಸಾರ್. ನಂಗೆ ಹೊಳೀಲೇ ಇಲ್ಲ." ಡೇರಿಯವರು, ಸರಿ ಮಾಡಿ ತನ್ನಿ ಎಂದು ಎದ್ದು ಹೋದರು.

ಯಜಮಾನರು ನನ್ನನ್ನೇ ನೋಡಿದರು. "ಯಾವತ್ತು ಗೊತ್ತಾಯ್ತಯ್ಯಾ ನಿಂಗೆ?"

"ಶುಕ್ರವಾರ."

ಅವರು ಪೆಟ್ಟಿಗೆ ಎತ್ತಿ ಅವಳ ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಅವಳು ಎರಡು ದಿನ ಕೂತು, ಸೆಲ್ಲಿನ ಮುಚ್ಚಳ ತಿರುಗಿಸಲು ಶುರು ಮಾಡಿದೊಡನೆ ಪ್ರೊಸೆಸರ್ ಎದ್ದು ಇದ್ದಷ್ಟನ್ನು ಬರೆದಿಡುವಂತೆ ಮಾಡಿದಳು. ಆಮೇಲೆ ಹಾಳೆಗಳನ್ನು ನನ್ನ ಮೇಜಿಗೇ ತಂದಿಟ್ಟಳು. "ಇನ್ನೇನಾದ್ರೂ ತಪ್ಪಿದ್ರೆ ಈಗ್ಲೇ ಹೇಳ್ಬಿಡಿ ಸಾರ್, ನಮ್ಮೊಳಗೇ."

ಓದಿದೆ. ಎಲ್ಲೂ ತಪ್ಪಿರಲಿಲ್ಲ. "ಇಲ್ಲಮ್ಮ, ಚೆನ್ನಾಗಿದೆ" ಎನ್ನಲು ನನಗೆ ಇಡೀ ಮಧ್ಯಾಹ್ನ ಹಿಡಿಯಿತು.