ಹೆಗಲ ಮೇಲಿನ ಪಿಚ್ಚು

ಅಮೆರಿಕದಿಂದ ಊರಿಗೆ ಮರಳುವಾಗ ಬಹ್ರೇನಿನಲ್ಲಿ ಅರ್ಧ ದಿನ ವಿಮಾನಕ್ಕೆ ಕಾಯಬೇಕಿತ್ತು. ನಿದ್ದೆಗೆಟ್ಟಿದ್ದ ನನ್ನನ್ನು ಅಲ್ಲಿನ ಪರಿಚಯದ ಡ್ರೈವರ್, ಉಳ್ಳಾಲದ ಇಬ್ರಾಹಿಂ, ಅರಾದ್‌ನ ಮರಳು ಬಯಲಿಗೆ ತಮ್ಮ ಶುಕ್ರವಾರದ ಕ್ರಿಕೆಟ್ ನೋಡಲು ಕರೆದೊಯ್ದರು. ತೆಂಗಿನ ನಾರಿನ ಮ್ಯಾಟ್ ಹಾಸಿ ಮೊಳೆ ಹೊಡೆದರೆ ಅದೇ ಪಿಚ್ಚು. ಸೊನ್ನೆಗೆ ಔಟಾದವನೇ ಅದನ್ನು ಹೊರಬೇಕು. ಅಂದು ಆ ಸರದಿ ಇಬ್ರಾಹಿಮರದು.

ಆಟ ಮುಗಿದು ಅವರು ಮೊಳೆ ಕೀಳುವಾಗ ಅಮೆರಿಕದಲ್ಲಿ ನಾನಿದ್ದ ಊರಿನ ಸುದ್ದಿ ಹೇಳಿದೆ: ಜನರ ತೆರಿಗೆಯಲ್ಲಿ ಹೊಸ ಸ್ಟೇಡಿಯಂ ಕಟ್ಟಿಕೊಡದಿದ್ದರೆ ಊರನ್ನೇ ಬಿಡುತ್ತೇವೆಂದು ಅಲ್ಲಿನ ಫುಟ್‌ಬಾಲ್ ತಂಡ ಹೆದರಿಸಿತ್ತು.

“ಮತ್ತೆ? ಕಟ್ಟಿ ಕೊಟ್ರಾ?”

“ಕೊಟ್ಟರು.”

ಇಬ್ರಾಹಿಂ ನಗಲಿಲ್ಲ. ಬಯಲಿನ ಅಂಚಿಗೆ ಯಾರೋ ಹೊಸದಾಗಿ ಬೇಲಿ ಕಂಬ ನೆಟ್ಟಿದ್ದರು. ಅದನ್ನೇ ನೋಡುತ್ತ ಮ್ಯಾಟನ್ನು ಸುತ್ತಿ ಹೆಗಲಿಗೇರಿಸಿದರು.

“ನಾವು ಮೂರು ಸಲ ಆಟದ ಜಾಗ ಬಿಟ್ಟು ಹೋದದ್ದು ಮಾರಾಯ್ರೆ. ಹೋಗ್ಬೇಡಿ ಅಂತ ಒಬ್ಬನೂ ಹೇಳ್ಲಿಲ್ಲ.”