ರಿಪೇರಿಯಪ್ಪನ ಕೈ

ಅವನ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದದ್ದು ಜೀಪಿನ ಡ್ರೈವರ್ ಬಾಯಿಂದ. ನಾನು ಆಗ ಬೆಟ್ಟದ ನೆತ್ತಿಯ ಹವಾಮಾನ ಕೇಂದ್ರದಲ್ಲಿ ಅಡುಗೆ ಮಾಡಿಕೊಂಡಿದ್ದೆ. ನಮ್ಮನೆಯವರು ಅಲ್ಲಿಯೇ ಕಾವಲುಗಾರರಾಗಿದ್ದರು. ಅವರು ತೀರಿಕೊಂಡ ಮೇಲೆ ಆಫೀಸಿನವರು ಅಡುಗೆಮನೆ ಪಕ್ಕದ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು.

ಡ್ರೈವರ್ ತರಕಾರಿ ಚೀಲ ಇಳಿಸುತ್ತಾ, "ಅಮ್ಮಾ, ಕಂಪ್ಯೂಟರ್ ರಿಪೇರಿಗೆ ಹೊಸಬ ಬರ್ತಿದ್ದಾನೆ. ಕೆಳಗೆ ಆಫೀಸಲ್ಲಿ ನೋಡ್ದೆ. ತನ್ನ ಸ್ವೆಟರ್ ಬಿಚ್ಚಿ ಯಂತ್ರದ ಡಬ್ಬಿಗೆ ಹೊದಿಸಿ, ತಾನು ಬರೀ ಅಂಗೀಲಿ ಕೂತಿದ್ದ" ಎಂದ.

"ತಲೆ ನೆಟ್ಟಗಿದೆಯೇನೋ?"

"ನೀವೇ ತಟ್ಟಿ ನೋಡ್ಕೊಳ್ಳಿ."

ತಲೆ ನೆಟ್ಟಗೇ ಇತ್ತು. ಪಂಚಪ್ರಾಣವೂ ಯಂತ್ರದ ಮೇಲಿತ್ತು, ಅಷ್ಟೆ. ಅಲ್ಲಿ ಬಾಗಿಲು ಹಾಕಿದರೂ ಮಂಜು ಒಳಗೆ ಬರುತ್ತಿತ್ತು. ಗಾಳಿ, ಚಳಿ, ಮಳೆಯ ಲೆಕ್ಕವನ್ನು ತಂತಿಗಳು ಕಂಪ್ಯೂಟರಿಗೆ ತರಬೇಕು, ಅದು ಕೆಳಕ್ಕೆ ಕಳಿಸಬೇಕು. ತಂತಿಯ ತುದಿಗೆ ಹಸಿರು ಕಿಲುಬು ಹತ್ತಿತೋ, ಎಲ್ಲ ನಿಂತಂತೆಯೇ. ಅವನು ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಮಗುವಿನ ಕಿವಿ ಒರೆಸುವ ಹಾಗೆ ಒಂದೊಂದನ್ನೇ ಒರೆಸುತ್ತಿದ್ದ. ಡಬ್ಬಿಗಳೊಳಗೆ ತೇವ ಹೀರುವ ನೀಲಿ ಕಾಳಿನ ಪೊಟ್ಟಣ ಇಡುತ್ತಿದ್ದ. ಅವು ನೀರು ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡುವುದು.

"ರಿಪೇರಿಯಪ್ಪಾ, ನನ್ನ ಬಾಣಲೇನೇ ಬೇಕೇನೋ ನಿಂಗೆ?"

"ನಿಮ್ಮ ಅಡುಗೆಗಿಂತ ಇದಕ್ಕೇ ಒಳ್ಳೆ ಬಣ್ಣ ಬರುತ್ತೆ ಅಕ್ಕಾ."

"ಹಾಗಾದ್ರೆ ಮಧ್ಯಾಹ್ನ ಅದನ್ನೇ ಬಡಿಸ್ತೀನಿ, ತಿನ್ನು!"

ಅಂದಿನಿಂದ ಆ ಹೆಸರೇ ನಿಂತಿತು. ಬಾಣಲೆಯನ್ನು ಮಾತ್ರ ತನ್ನದೇ ಬೇರೆ ತಂದುಕೊಂಡ.

ಕೆಲವು ವರ್ಷ ಕಳೆಯಿತು. ಅವನ ಬಲಗೈ ನಡುಗತೊಡಗಿತು. ಚಳಿಗಿರಬೇಕು ಎಂದುಕೊಂಡೆ. ಒಲೆಯ ಮುಂದೆ ಕೂತಾಗಲೂ ಲೋಟ ಹಲ್ಲಿಗೆ ಟಕಟಕ ಬಡಿಯುವುದನ್ನು ಕಂಡು ನೇರವಾಗಿಯೇ ಕೇಳಿದೆ.

"ಆಫೀಸಿಗೆ ಹೇಳ್ಬೇಡಿ ಅಕ್ಕಾ. ಕೆಳಗೆ ಕರೆಸ್ಕೊಂಡು ಯಾವುದೋ ಮೂಲೇಲಿ ಕೂರಿಸ್ತಾರೆ. ಇದು ಬಿಟ್ರೆ ನಂಗೆ ಮನೆ ಅಂತ ಎಲ್ಲಿದೆ?"

ಮದುವೆಯ ಗೋಜಿಗೇ ಹೋಗದವನು. ಮಾತು ಸುಳ್ಳಲ್ಲ.

ಹೊಲಿಗೆಯಿಂದ ನನ್ನ ಕೈ ಪಳಗಿತ್ತು. ಅಲ್ಲಿಂದ ಮುಂದೆ ತಂತಿ ಹಿಡಿಯುವವಳು ನಾನು, ಬೆಸುಗೆ ಹಾಕುವವನು ಅವನು. ಎಡಗೈಯಿಂದ ಬಲಗೈಯ ಮಣಿಕಟ್ಟು ಅದುಮಿ, ಉಸಿರು ಬಿಗಿಹಿಡಿದು, ಕಾದ ಬೆಸುಗೆ ಕಡ್ಡಿಯಿಂದ ತವರದ ಹನಿ ಬಿಡುತ್ತಿದ್ದ.

"ಆ ಕಾದ ಕಡ್ಡೀನೂ ನಂಗೇ ಕೊಡಬಾರದಾ?"

"ಅದೊಂದಾದ್ರೂ ನಂಗಿರ್ಲಿ ಬಿಡಿ."

ಒಂದು ಬಿರುಗಾಳಿಯ ದಿನ ಗಾಳಿಯಳೆಯುವ ಯಂತ್ರದ ತಂತಿಯೇ ಕಿತ್ತುಬಂತು. ಬೆಸುಗೆ ಹಾಕುವಾಗ ಅವನ ಕೈ ಒಮ್ಮೆಲೇ ಹಾರಿ, ಕಡ್ಡಿ ನನ್ನ ಹೆಬ್ಬೆರಳಿಗೆ ಚುರ್ರೆಂದು ತಾಗಿತು. ನಾನು ತಂತಿ ಬಿಡಲಿಲ್ಲ.

"ಒಲೆ ಇದಕ್ಕಿಂತ ಜಾಸ್ತಿ ಸುಟ್ಟಿದೆ ಕಣೋ. ಮುಗ್ಸು ಮೊದಲು."

ಮುಗಿಸಿದ. ನನ್ನ ಕೈಯನ್ನು ತಣ್ಣೀರಲ್ಲಿ ಅದ್ದಿಸಿದ. ಆಮೇಲೆ ಎದ್ದು ಹೋಗಿ ತಾನೇ ಆಫೀಸಿಗೆ ಫೋನ್ ಮಾಡಿದ. "ನನ್ನ ಕೈ ನಡುಗುತ್ತೆ ಸಾರ್. ಬೇರೆಯವರನ್ನ ಕಳಿಸಿ."

"ಒಂದು ಬೊಬ್ಬೆಗೆ ಯಾರಾದ್ರೂ ಜಾಗ ಬಿಟ್ಟುಕೊಡ್ತಾರೇನೋ, ಹುಚ್ಚಪ್ಪಾ!" ಎಂದು ಬೈದೆ.

"ಇವತ್ತು ಬೆರಳು. ನಾಳೆ ನಿಮ್ಮ ಕಣ್ಣಿಗೆ ತಾಗಿದ್ರೆ?"



ಅವನ ಜಾಗಕ್ಕೆ ಒಬ್ಬಳು ಹುಡುಗಿ ಬಂದಳು. ಅವಳಿಗೆ ಒಂದೊಂದು ತಂತಿಯ ಗುಣವನ್ನೂ ಸೊಸೆಗೆ ಮನೆ ತೋರಿಸುವ ಹಾಗೆ ಹೇಳಿಕೊಟ್ಟ. ಮರುದಿನ ಬೆಳಿಗ್ಗೆ ಅವನ ಪೆಟ್ಟಿಗೆ ಜೀಪಿಗೇರಿತು. ಡ್ರೈವರ್ ಹಾರ್ನ್ ಹೊಡೆದರೂ ಇವನು ಅಡುಗೆಮನೆಯ ಬಾಗಿಲು ಬಿಟ್ಟು ಕದಲಲಿಲ್ಲ. ಕೋಟಿನ ಎರಡೂ ಅಂಚು ಹಿಡಿದುಕೊಂಡು ನಿಂತಿದ್ದ. ಯಂತ್ರಕ್ಕಾಗಿ ನನ್ನನ್ನು ನೂರು ಸಲ ಕೂಗಿದವನು, ತನಗೆಂದು ಒಂದು ಲೋಟ ನೀರೂ ಕೇಳಿದವನಲ್ಲ.

"ಅಕ್ಕಾ, ಗುಂಡಿ ಹಾಕಿಕೊಡ್ತೀರಾ?" ಎಂದ. "ಕೆಳಗಿಂದ ಶುರು ಮಾಡಿ. ಮೇಲಿಂದ ಹಾಕಿದ್ರೆ ಕೊನೇಲಿ ಒಂದು ಉಳಿದುಬಿಡುತ್ತೆ."